ಮಾಲಂಗಿಯ ದತ್ತಿಯೂ ಸುತ್ತೂರಿನ ವಿದ್ಯಾಪೀಠವೂ

ವಿದ್ಯಾಸಂಸ್ಥೆಗಳಿಗೆ ಆಡಳಿತಕ್ರಮವೂ ಮುಂದಾಲೋಚನೆಯೂ ಒದಗಿದುದು ಆಧುನಿಕ ವಿಶ್ವವಿದ್ಯಾನಿಲಯಗಳಿಂದಲೇ ಎಂಬ ಭಾವನೆ ಬಲವಾಗಿದೆ. ಕಾವೇರೀ ಕಪಿಲೆಗಳು ಕೂಡುವ ಸೀಮೆಯ ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ.

ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನು ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ತನ್ನ ಅಗ್ರಹಾರಕ್ಕೆ ‘ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ’ವೆಂದು ಹೆಸರಿಟ್ಟನು. 1258ರ ಕೇಶವಾಲಯದ ಶಿಲ್ಪವನ್ನು ಕೊಂಡಾಡುವವರು ಆ ಹೆಸರಿನ ಮೊದಲ ಪದವನ್ನು ಗಮನಿಸುವುದು ವಿರಳ.

ಇದಕ್ಕಿಂತಲೂ ಸ್ಪಷ್ಟವಾದ ವ್ಯವಸ್ಥೆ ಮಾಲಂಗಿಯದು. ತಲಕಾಡಿನೊಡನೆ ಶಾಪದ ಮಾತಿನಲ್ಲಿ ಮಾತ್ರ ನಾಡಿಗೆ ಪರಿಚಿತವಾದ ಈ ಊರಿನಲ್ಲಿ ಅದೇ ನರಸಿಂಹನ ಮಂತ್ರಿ ಪೆರುಮಾಳೆ ದಂಡನಾಯಕನು 1290ರಲ್ಲಿ ವಿದ್ಯಾದಾನಕ್ಕೆ ದತ್ತಿ ಬಿಟ್ಟನು. ಋಗ್ವೇದವನ್ನು ಹೇಳಿಕೊಡುವುದಕ್ಕೂ, ನಾಗರ, ಕನ್ನಡ, ತಿಗುಳ, ಆರ್ಯ ಇವುಗಳನ್ನು ಓದಿಸುವುದಕ್ಕೂ ಅದರಲ್ಲಿ ಏರ್ಪಾಡಾಗಿತ್ತು. ತಿಗುಳವೆಂದರೆ ತಮಿಳು, ಆರ್ಯವೆಂಬುದನ್ನು ಮರಾಠಿಯೆಂದು ರೈಸ್ ಅರ್ಥೈಸಿದರು. ವೇದವೊಂದೇ ಸಾಕೆನ್ನದೆ, ನಾಡಿನ ನುಡಿಗೂ ನೆರೆಯವರ ನುಡಿಗಳಿಗೂ ಸ್ಥಾನ ಕೊಟ್ಟುದು ಈ ಯೋಜನೆಯ ವಿಶೇಷ. ಕಲಿಸತಕ್ಕ ವಿಷಯವನ್ನು ಹೆಸರಿಸಿ, ಅದಕ್ಕೆ ಉತ್ಪತ್ತಿಯನ್ನು ನಿಗದಿಮಾಡಿ, ಶಿಲೆಯಲ್ಲಿ ಬರೆಯಿಸಿದುದರಿಂದ ವಿದ್ಯೆಯು ದಾತೃವಿನ ಅಂದಂದಿನ ಮನಸ್ಸನ್ನು ಅವಲಂಬಿಸಬೇಕಾಗಿರಲಿಲ್ಲ. ಆದರೆ ಅಗ್ರಹಾರಗಳ ವಿದ್ಯೆಯು ಬಹುಮಟ್ಟಿಗೆ ಒಂದೇ ವರ್ಗದ ಸ್ವತ್ತಾಗಿತ್ತೆಂಬುದನ್ನೂ ಮರೆಯಲಾಗದು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಆಡಳಿತವು ಹೊಸ ರೂಪವನ್ನು ತಳೆಯಿತು. ಅದುವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಎರಡು ಆಧಾರಗಳಾದುವು. ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಆದರೂ ಮಾಲಂಗಿಯಲ್ಲಿ 1290ರಲ್ಲೇ ಸ್ಥಾನ ಪಡೆದಿದ್ದ ಕನ್ನಡಕ್ಕೆ ಇಲ್ಲಿ ಎಂ. ಎ. ತರಗತಿ ದೊರೆತುದು 1927ರಲ್ಲಿ.

ಇನ್ನೊಂದು ಕೊರತೆ ಪಾಠಪಟ್ಟಿಯಲ್ಲಿ ಕಾಣತಕ್ಕದ್ದಲ್ಲ. ನಂಜನಗೂಡಿಗೆ 1891ರಿಂದಲೇ ಮೈಸೂರಿನ ರೈಲು ಇದ್ದಿತು. ತಿರುಮಕೂಡಲು ನರಸೀಪುರಕ್ಕೆ ಅದೂ ಇರಲಿಲ್ಲ. ರೈತನ ಮಗನು ಕಾಲೇಜಿಗೆ ಸೇರಬೇಕಾದರೆ ನಗರದಲ್ಲಿ ಅನ್ನವೂ ಆಸರೆಯೂ ಮೊದಲು ಬೇಕಾಗಿದ್ದುವು.

ನಂಜನಗೂಡು ತಾಲ್ಲೂಕಿನ ಸುತ್ತೂರು ವೀರಸಿಂಹಾಸನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಕೈಹಾಕಿದುದು ಈ ಸ್ಥಳದಲ್ಲಿಯೇ. ವಿಶ್ವವಿದ್ಯಾನಿಲಯವು ಹುಟ್ಟಿದ 1916ರಲ್ಲಿಯೇ ಜನಿಸಿದ ಅವರು 1940ರ ದಶಕದಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿದರು. ಅನಂತರ 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. 1963ರಲ್ಲಿ ಎಂಜಿನಿಯರಿಂಗ್ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಬಂದುವು. 2008ರಲ್ಲಿ ಇದೇ ಸಂಸ್ಥೆಯ ಒಂದು ಶಾಖೆಯು ವಿಶ್ವವಿದ್ಯಾನಿಲಯವೆಂದು ಪರಿಗಣಿತವಾಯಿತು. ಅನ್ನ ಮೊದಲು, ಶಾಲೆ ಬಳಿಕ, ಪದವಿ ಕೊನೆಗೆ ಎಂಬ ಈ ಕ್ರಮವು ವಿಚಾರಯೋಗ್ಯವಾಗಿದೆ.

ಪೆರುಮಾಳೆಯ ಶಾಸನವು ಬೋಧಕನಿಗೆ ಸ್ಥಿರವಾದ ಆಧಾರವನ್ನು ಕಲ್ಪಿಸಿತು. 1916ರ ಶಾಸನಕ್ರಮವು ಪರೀಕ್ಷೆ ಪದವಿಗಳಿಗೆ ಸ್ವಾತಂತ್ರ್ಯವನ್ನು ತಂದಿತು. ಸುತ್ತೂರಿನ ವಿದ್ಯಾರ್ಥಿನಿಲಯವು ಕಲಿಯುವವನನ್ನು ಬಾಗಿಲವರೆಗೆ ಕರೆತಂದಿತು. ಇವುಗಳಲ್ಲಿ ಒಂದನ್ನು ಬಿಟ್ಟರೂ ವಿದ್ಯಾಯೋಜನೆಯು ಅಪೂರ್ಣವೆಂಬುದೇ ಈ ಸೀಮೆಯ ಏಳು ಶತಮಾನಗಳ ಸಾಕ್ಷ್ಯ.