ನರಗುಂದದ ಬಾಬಾಸಾಹೇಬ: ಒಂದು ಮನೆತನ, ಎರಡು ದಾರಿ

ಬಯಲುಸೀಮೆಯ ಕರಿನೆಲದ ನಡುವೆ ಎದ್ದು ನಿಂತಿರುವ ನರಗುಂದದ ಗುಡ್ಡ ಹಲವು ಮುತ್ತಿಗೆಗಳನ್ನು ಕಂಡಿದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಇದನ್ನು ಗೆದ್ದುಕೊಂಡಿತು. 1787ರಲ್ಲಿ ಗಜೇಂದ್ರಗಡದಲ್ಲಿ ನಡೆದ ಒಪ್ಪಂದದಂತೆ ಕಿತ್ತೂರು, ಬಾದಾಮಿಗಳೊಂದಿಗೆ ನರಗುಂದವೂ ಮರಾಠರ ಕಡೆಗೆ ಮರಳಿತು. ಆದರೆ ಈ ಸಂಸ್ಥಾನದ ಬೇರನ್ನೇ ಕಿತ್ತದ್ದು ತೋಪಿನ ಗುಂಡಿಗಿಂತ ಮೊದಲು ಬಂದ ಒಂದು ಸರ್ಕಾರಿ ನಿರಾಕರಣೆ.

1842ರಲ್ಲಿ ಅಧಿಕಾರಕ್ಕೆ ಬಂದ ಭಾಸ್ಕರರಾವ್ ಭಾವೆ ಜನರಿಗೆ ಬಾಬಾಸಾಹೇಬರೆಂದೇ ಪರಿಚಿತರು. ವಿದ್ಯಾಪಕ್ಷಪಾತಿಗಳಾದ ಅವರ ಸಂಗ್ರಹದಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಗಂಡು ಸಂತಾನವಿಲ್ಲದ ಅವರು ದತ್ತಕಕ್ಕೆ ಅನುಮತಿ ಬೇಡಿದರು. ಕಂಪನಿ ಸರ್ಕಾರ ಒಪ್ಪಲಿಲ್ಲ. ದತ್ತಕವಿಲ್ಲವೆಂದರೆ ದೊರೆ ತೀರಿದ ದಿನವೇ ಸಂಸ್ಥಾನವೂ ತೀರಿದಂತೆ. ಅದೇ ಕಾಲಕ್ಕೆ ಇನಾಮು ಆಯೋಗದ ವಿಚಾರಣೆಯಿಂದ ಇನಾಮುದಾರರು ಕಂಗೆಟ್ಟಿದ್ದರು. ನಿಶ್ಶಸ್ತ್ರೀಕರಣದ ಆಜ್ಞೆಗೆ 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಬಂಡೆದ್ದರು. ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಕಳುಹಿಸಬೇಕೆಂಬ ಸೂಚನೆ ಬಾಬಾಸಾಹೇಬರಿಗೂ ಬಂತು.

1858ರ ಮೇ ಕೊನೆಯ ವಾರದಲ್ಲಿ ಮುಂಡರಗಿಯ ಭೀಮರಾಯರು ಬಂಡಾಯ ಸಾರಿ ಕೊಪ್ಪಳದ ಕೋಟೆ ಹಿಡಿದರು. ಪರಿಸ್ಥಿತಿಯನ್ನು ಹತೋಟಿಗೆ ತರಲು ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಕೆಲವೇ ಸವಾರರೊಡನೆ ರಾಮದುರ್ಗಕ್ಕೆ ಬಂದ. ಅಲ್ಲಿಯ ದೊರೆ ಬಾಬಾಸಾಹೇಬರ ಮಲಸಹೋದರರು. ಅಪಾಯವಿದೆಯೆಂದು ಅವರು ಎಚ್ಚರಿಸಿದರೂ ಮ್ಯಾನ್ಸನ್ ಮುಂದೆ ಸಾಗಿದ. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಪಡೆ ಅವನ ಮೇಲೆರಗಿತು. ಮ್ಯಾನ್ಸನ್ ಹತನಾದ, ಅವನ ತಲೆಯನ್ನು ನರಗುಂದದ ಅಗಸೆಯಲ್ಲಿ ತೂಗುಹಾಕಲಾಯಿತು.

ಅಲ್ಲಿಂದ ಹಿಂತಿರುಗುವ ದಾರಿ ಉಳಿಯಲಿಲ್ಲ. ಕರ್ನಲ್ ಮಾಲ್ಕಮನ ಪಡೆ ಜೂನ್ 1ರಂದು ನರಗುಂದವನ್ನು ಮುತ್ತಿತು. ಮರುದಿನ ಕೋಟೆ ಬಿತ್ತು. ಕೊಪ್ಪಳದಲ್ಲಿ ಭೀಮರಾಯರು ಹೋರಾಡುತ್ತಲೇ ಮಡಿದರು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರನ್ನು ತೊರಗಲ್ ಸಮೀಪದ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಸೆರೆಹಿಡಿದ. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯ ಪಾಲಾದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಎರಡೇ ವಾರಗಳಲ್ಲಿ ಮುಗಿದುಹೋದ ಈ ಬಂಡಾಯವನ್ನು ದುಡುಕು ಎಂದವರುಂಟು. ಇತರ ಸಂಸ್ಥಾನಿಕರು ಜೊತೆಗೂಡಲಿಲ್ಲ, ಸಿದ್ಧತೆಯೂ ಸಾಲದಿತ್ತು ಎಂಬುದು ನಿಜ. ಕಂಪನಿಗೆ ನಿಷ್ಠವಾಗಿದ್ದ ರಾಮದುರ್ಗ 1948ರವರೆಗೂ ಸಂಸ್ಥಾನವಾಗಿ ಬಾಳಿತು. ನರಗುಂದ ಅಂದೇ ಬ್ರಿಟಿಷರ ವಶವಾಯಿತು. ಆದರೆ ದತ್ತಕದ ಬಾಗಿಲು ಮುಚ್ಚಿದ ಮೇಲೆ, ನಿಷ್ಠೆಯಿಂದಿದ್ದರೂ ಬಾಬಾಸಾಹೇಬರಿಗೆ ಉಳಿಸಿಕೊಳ್ಳಲು ಇದ್ದದ್ದು ತಮ್ಮ ಆಯುಷ್ಯದಷ್ಟು ಕಾಲದ ದೊರೆತನ ಮಾತ್ರ. ಅವರ ನಿರ್ಧಾರವನ್ನು ತೂಗುವಾಗ ಈ ಸಂಗತಿಯನ್ನೂ ತಕ್ಕಡಿಗೆ ಹಾಕಬೇಕು.