ಲೋಹದ ದನಿ: ತೊಗಲಿನದೋ, ಒಡಲಿನದೋ?

ತವರದ ಸರಳನ್ನು ಕಿವಿಯ ಸಮೀಪ ಹಿಡಿದು ಬಗ್ಗಿಸಿದರೆ ಅದು ಕಿರುಗುಟ್ಟುವುದು ಲೋಹಗಾರರಿಗೆ ಬಹುಕಾಲದಿಂದ ತಿಳಿದಿದ್ದ ಸಂಗತಿ. ತಾಮ್ರದ ಪಾತ್ರೆಗೆ ಕಲಾಯಿ ಹಾಕಲು ಬಳಸುವುದೂ ಇದೇ ತವರವನ್ನೇ. ಇಂಗ್ಲಿಷರು ಈ ದನಿಯನ್ನು ತವರದ ಅಳು ಎಂದೇ ಕರೆದರು. ಒಳಗಿನ ಹರಳುಗಳು ಥಟ್ಟನೆ ಮಗ್ಗುಲು ಬದಲಿಸಿದಾಗ ಹುಟ್ಟುವ ಸದ್ದಿದು. ಉಳಿದ ಲೋಹಗಳೂ ಮೂಕವಲ್ಲ. ನಮ್ಮ ಕಿವಿ ಸಾಲದು, ಅಷ್ಟೇ.

ಆ ಸೂಕ್ಷ್ಮ ದನಿಯನ್ನು ಉಪಕರಣಗಳಿಂದ ಕ್ರಮವಾಗಿ ಆಲಿಸಿದವರಲ್ಲಿ ಮುಖ್ಯನು ಮ್ಯೂನಿಕ್ಕಿನ ಜೋಸೆಫ್ ಕೈಸರ್. 1950ರ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಸತು, ಉಕ್ಕು, ಅಲ್ಯೂಮಿನಿಯಂ, ತಾಮ್ರ, ಸೀಸಗಳನ್ನು ಎಳೆದು ನೋಡಿದನು. ಒಮ್ಮೆ ಹೊರಿಸಿದ ಭಾರವನ್ನು ಇಳಿಸಿ ಮತ್ತೆ ಹೊರಿಸಿದಾಗ, ಹಿಂದಿನ ಗರಿಷ್ಠ ಭಾರವನ್ನು ಮೀರುವವರೆಗೆ ಲೋಹವು ಮೌನವಾಗಿರುತ್ತದೆಂದು ಕಂಡುಕೊಂಡನು. ಸದ್ದಿನ ಮೂಲ ಹರಳುಗಳ ಗಡಿಗಳಲ್ಲಿನ ಉಜ್ಜಾಟವೆಂಬುದು ಅವನ ಊಹೆ. ಈ ಊಹೆ ಪೂರ್ಣ ನಿಲ್ಲಲಿಲ್ಲ. ಗಡಿಯೇ ಇಲ್ಲದ ಒಂಟಿ ಹರಳೂ ದನಿಗೈಯಿತು.

ಹಾಗಾದರೆ ದನಿ ಎಲ್ಲಿಯದು? ಅಲ್ಯೂಮಿನಿಯಂ ಗಾಳಿ ಸೋಕಿದೊಡನೆ ಆಕ್ಸೈಡಿನ ತೆಳು ಪೊರೆಯನ್ನು ಹೊದೆಯುತ್ತದೆ. ಕೆಳಗಿನ ಲೋಹ ಮೃದು, ಮೇಲಿನ ಪೊರೆ ಪೆಡಸು. ಲೋಹ ಹಿಗ್ಗಿದಾಗ ಪೊರೆ ಬಿರುಕು ಬಿಡುತ್ತದೆ. ಅಲ್ಲದೆ ಹರಳಿನೊಳಗಣ ಜೋಡಣೆಯ ದೋಷಗಳು ಹೊರಗೆ ಸಾಗುವಾಗ ಅದರ ಅಡಿಯಲ್ಲಿ ತಡೆದು, ಗುಂಪುಗೂಡಿ, ಒಮ್ಮೆಲೇ ಭೇದಿಸಿಕೊಂಡು ಹೊರಬೀಳಬಹುದು. ಅಮೆರಿಕದ ಬ್ರಾಡ್‌ಫರ್ಡ್ ಸ್ಕೋಫೀಲ್ಡ್ 1950ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ, ಮೇಲ್ಮೈಯ ಸ್ಥಿತಿಯ ಪ್ರಭಾವವನ್ನು ಅಳೆಯಬಹುದಾದರೂ ದನಿ ಮುಖ್ಯವಾಗಿ ಒಡಲಿನದೆಂದು ತೀರ್ಮಾನಿಸಿದನು. 1963ರಲ್ಲಿ ಲಿಪ್ಟೈ ಮತ್ತು ಟಾಟ್ರೊ ಎಂಬವರು ತಮ್ಮ ಲೇಖನದ ಶೀರ್ಷಿಕೆಯಲ್ಲೇ ಇದು ಮೇಲ್ಮೈಯ ವಿದ್ಯಮಾನವೆಂದು ಸಾರಿದರು. ನನಗೆ ಸ್ಕೋಫೀಲ್ಡನ ಮಾತೇ ಹೆಚ್ಚು ತೂಕದ್ದೆನಿಸುತ್ತದೆ. ಆದರೂ ಇನ್ನಿಬ್ಬರ ಹಟದಿಂದಾಗಿ ಮೇಲ್ಮೈಯನ್ನು ಯಾರೂ ಅಲಕ್ಷಿಸುವಂತಾಗಲಿಲ್ಲ.

ಇದು ಪಂಡಿತರ ಕಾಲಹರಣವಾಗಿರಲಿಲ್ಲ. ಅದೇ ದಶಕದಲ್ಲಿ ಅಮೆರಿಕದಲ್ಲಿ ಪೊಲಾರಿಸ್ ಕ್ಷಿಪಣಿಯ ಮೋಟಾರು ಕವಚಗಳ ಒತ್ತಡ ಪರೀಕ್ಷೆಗೆ ಈ ಆಲಿಸುವಿಕೆಯನ್ನು ಬಳಸತೊಡಗಿದ್ದರು. ಕೇಳಿದ್ದು ಗೋಡೆಯೊಳಗೆ ಬೆಳೆಯುತ್ತಿರುವ ಬಿರುಕಿನ ಸದ್ದಾದರೆ ಪರೀಕ್ಷೆಯನ್ನು ನಿಲ್ಲಿಸಬೇಕು. ಮೇಲಿನ ತುಕ್ಕಿನ ಚಕ್ಕೆ ಸಿಡಿದದ್ದಾದರೆ ಮುಂದುವರಿಸಬಹುದು. ಎರಡೂ ಉಪಕರಣದ ಪರದೆಯ ಮೇಲೆ ಕ್ಷಣಮಾತ್ರದ ಚಿಮ್ಮುಗಳೇ. ಆದ್ದರಿಂದ ಇಂದಿಗೂ ಹಳೆಯ ಟ್ಯಾಂಕಿನ ಪರೀಕ್ಷಕನು ಚಿಮ್ಮುಗಳನ್ನು ಎಣಿಸಿ ಸುಮ್ಮನಾಗದೆ, ಅವು ಯಾವ ಸ್ಥಳದಿಂದ, ಎಷ್ಟು ಭಾರದಲ್ಲಿ ಬಂದವು, ಭಾರವನ್ನು ಸ್ಥಿರವಾಗಿ ಹಿಡಿದಾಗಲೂ ನಿಲ್ಲದೆ ಬರುತ್ತಿವೆಯೇ ಎಂದು ವಿಚಾರಿಸುತ್ತಾನೆ.