ರೋಬಾಟ್ ನೆರವಿನ ಅಡ್ರಿನಲ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತದೊತ್ತಡದ ನಿರ್ವಹಣೆ: ಫಿಯೋಕ್ರೋಮೋಸೈಟೋಮಾ ಕುರಿತು

ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲಿ ಹುಟ್ಟುವ ಫಿಯೋಕ್ರೋಮೋಸೈಟೋಮಾ ಗಡ್ಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ಲಂಗುಲಗಾಮಿಲ್ಲದೆ ಸ್ರವಿಸುತ್ತದೆ. ಗಡ್ಡೆಯನ್ನು ತುಸು ಒತ್ತಿದರೂ ರಕ್ತದೊತ್ತಡ ಏಕಾಏಕಿ ಏರಬಹುದು. ಅದರ ಅಭಿಧಮನಿಯನ್ನು ಕಟ್ಟಿದೊಡನೆ ಅಷ್ಟೇ ವೇಗವಾಗಿ ಕುಸಿಯಬಹುದು. 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ ಮತ್ತು ಅಮೆರಿಕದ ಚಾರ್ಲ್ಸ್ ಮೇಯೊ ಇಂಥ ಗಡ್ಡೆಗಳನ್ನು ಯಶಸ್ವಿಯಾಗಿ ತೆಗೆದರು. 1992ರಲ್ಲಿ ಮಿಷೆಲ್ ಗಾನ್ಯೆ ಲ್ಯಾಪರೊಸ್ಕೋಪಿಕ್ ವಿಧಾನವನ್ನು ವರದಿ ಮಾಡಿದರು. ಅದರ ಮುಂದುವರಿಕೆಯಾದ ರೋಬಾಟ್ ಮೂರು ಆಯಾಮದ ನೋಟವನ್ನೂ ನಡುಗದ ಉಪಕರಣವನ್ನೂ ಕೊಟ್ಟಿತು. ಜೊತೆಗೆ ಶಸ್ತ್ರವೈದ್ಯರನ್ನು ರೋಗಿಯ ಮಗ್ಗುಲಿನಿಂದ ಕನ್ಸೋಲ್‌ಗೆ ಸರಿಸಿತು. ಈ ದೂರವನ್ನು ಮಾತಿನಿಂದ ತುಂಬಿಕೊಳ್ಳದ ತಂಡಕ್ಕೆ ರೋಬಾಟಿನ ಪೂರ್ಣ ಲಾಭ ದಕ್ಕದು ಎಂಬುದು ಇಲ್ಲಿನ ವಾದ.

ಸುರಕ್ಷತೆಯ ಬುನಾದಿ ಬೀಳುವುದು ಶಸ್ತ್ರಚಿಕಿತ್ಸೆಗೆ ಮುನ್ನ. ಎಂಡೋಕ್ರೈನ್ ಸೊಸೈಟಿಯ 2014ರ ಮಾರ್ಗಸೂಚಿ 7ರಿಂದ 14 ದಿನಗಳ ಔಷಧ ಸಿದ್ಧತೆಯನ್ನೂ, ಕುಗ್ಗಿದ ರಕ್ತದ ಪ್ರಮಾಣವನ್ನು ತುಂಬಲು ಹೆಚ್ಚು ಉಪ್ಪು ಮತ್ತು ದ್ರವಾಹಾರವನ್ನೂ ಸೂಚಿಸುತ್ತದೆ. ಕೂತಾಗ ರಕ್ತದೊತ್ತಡ 130/80ಕ್ಕಿಂತ ಕಡಿಮೆ, ನಿಂತಾಗ ಸಿಸ್ಟೋಲಿಕ್ 90ಕ್ಕಿಂತ ಹೆಚ್ಚು ಇರಬೇಕೆಂಬುದು ಗುರಿ. ಮೊದಲು ಆಲ್ಫಾ ಬ್ಲಾಕರ್. ಹೃದಯಬಡಿತ ಹತೋಟಿಗೆ ಬಾರದಿದ್ದರೆ ಮಾತ್ರ ನಂತರ ಬೀಟಾ ಬ್ಲಾಕರ್. ಈ ಕ್ರಮ ತಿರುವುಮುರುವಾದರೆ ರಕ್ತನಾಳ ಹಿಗ್ಗಿಸುವ ದಾರಿ ಮುಚ್ಚಿ, ಕುಗ್ಗಿಸುವ ದಾರಿ ಮಾತ್ರ ತೆರೆದಿರುತ್ತದೆ. ಒತ್ತಡ ಮತ್ತಷ್ಟು ಏರುತ್ತದೆ. ಫಿನಾಕ್ಸಿಬೆಂಜಮಿನ್ ಮತ್ತು ಡಾಕ್ಸಜೋಸಿನ್‌ಗಳನ್ನು ಹೋಲಿಸಿದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ, ಒತ್ತಡ ಗುರಿಮಿತಿಯ ಹೊರಗಿದ್ದ ಅವಧಿಯ ಮಟ್ಟಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯಾವ ಮಾತ್ರೆ ಎಂಬುದಕ್ಕಿಂತ ಸಿದ್ಧತೆ ಎಷ್ಟು ಪೂರ್ಣ ಎಂಬುದೇ ಮುಖ್ಯವೆಂದು ನನ್ನ ಎಣಿಕೆ.

ರೋಬಾಟಿನ ತೋಳುಗಳನ್ನು ಜೋಡಿಸಿದ ಮೇಲೆ ರೋಗಿಯ ಕೈ ಅರಿವಳಿಕೆ ತಜ್ಞರಿಗೆ ಸುಲಭವಾಗಿ ಸಿಗದು. ಹಾಗಾಗಿ ಅಪಧಮನಿಯ ಒತ್ತಡಮಾಪಕ ನಳಿಕೆಯನ್ನು ಅರಿವಳಿಕೆ ಕೊಡುವ ಮೊದಲೇ ಅಳವಡಿಸಬೇಕು. ಔಷಧದ ನಳಿಕೆಗಳೂ ಕೈಗೆಟಕುವಂತಿರಬೇಕು. ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡ್ ಕೂಡ ಸ್ರಾವವನ್ನು ಪ್ರಚೋದಿಸುವುದರಿಂದ ಅದರ ಒತ್ತಡವನ್ನು ಸಾಧ್ಯವಾದಷ್ಟು ತಗ್ಗಿಸುವುದು ವಿವೇಕ. ಏರುವ ರಕ್ತದೊತ್ತಡಕ್ಕೆ ನೈಟ್ರೋಪ್ರಸೈಡ್, ನಿಕಾರ್ಡಿಪಿನ್, ಮೆಗ್ನೀಸಿಯಂ. ನಾಗಾಲೋಟದ ಹೃದಯಬಡಿತಕ್ಕೆ ಎಸ್ಮೊಲಾಲ್. ಇವೆಲ್ಲಕ್ಕೂ ಮೊದಲು ಶಸ್ತ್ರವೈದ್ಯರು ಗಡ್ಡೆಯಿಂದ ಕೈ ತೆಗೆಯಬೇಕು, ಮತ್ತು ಹಾಗೆ ಕೇಳುವ ಅಧಿಕಾರ ಅರಿವಳಿಕೆ ತಜ್ಞರಿಗಿರಬೇಕು.

ಬಲಗಡೆಯ ಅಡ್ರಿನಲ್ ಅಭಿಧಮನಿ ಗಿಡ್ಡ. ನೇರವಾಗಿ ಕೆಳ ಮಹಾಭಿಧಮನಿಗೆ ಸೇರುತ್ತದೆ. ಅದಕ್ಕೆ ಕ್ಲಿಪ್ ಹಾಕುವ ಮುನ್ನ ಕನ್ಸೋಲ್‌ನಿಂದ ಗಟ್ಟಿಯಾಗಿ ಹೇಳಬೇಕು, ಅರಿವಳಿಕೆ ತಜ್ಞರು ಮರುನುಡಿಯಬೇಕು. ಒತ್ತಡ ಇಳಿಸುವ ಔಷಧವನ್ನು ಆಗಲೇ ನಿಲ್ಲಿಸಿ, ದ್ರವ ಕೊಟ್ಟು, ನಾರ್‌ಅಡ್ರಿನಲಿನನ್ನು ಸಿದ್ಧವಾಗಿಡಬೇಕು. ಅದಕ್ಕೂ ಬಗ್ಗದಿದ್ದರೆ ವಾಸೊಪ್ರೆಸಿನ್. ಗಡ್ಡೆ ಹೋದ ಮೇಲೆ ಇನ್ಸುಲಿನ್ ಸ್ರಾವದ ಮೇಲಿನ ತಡೆಯೂ ಹೋಗುವುದರಿಂದ, ವಾರ್ಡಿನಲ್ಲಿ ರಕ್ತದೊತ್ತಡದ ಜೊತೆಗೆ ಸಕ್ಕರೆಯ ಮಟ್ಟವನ್ನೂ ಮೊದಲ 24ರಿಂದ 48 ಗಂಟೆ ನಿಕಟವಾಗಿ ಗಮನಿಸಬೇಕು.